ಬಟಾಣಿ ಕಾಳಿನಷ್ಟು ಗಂಟು



ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ಎರಡು ಸ್ನಾನ. ಮೊದಲನೆಯದು ನನ್ನದು. ಅದರಲ್ಲಿ ಗಲಾಟೆ ಏನೂ ಇಲ್ಲ. ಎರಡನೆಯದು ಚಿನ್ನಿಯದು. ಹಿತ್ತಲಿನ ನಲ್ಲಿಯ ಹತ್ತಿರ ಬಕೆಟ್ ಇಟ್ಟ ಸದ್ದು ಕೇಳಿದರೆ ಸಾಕು, ಅವಳು ಮಂಚದ ಕೆಳಗೆ ಮಾಯ. ಐದನೇ ತರಗತಿಯ ನನ್ನ ಮೊಮ್ಮಗಳು ಪುಟ್ಟಿ ಬಿಸ್ಕತ್ತು ತೋರಿಸಿ ಕರೆತರಬೇಕು, ನಾನು ಕೊರಳಪಟ್ಟಿ ಹಿಡಿದುಕೊಳ್ಳಬೇಕು, ಆಮೇಲೆ ಮೂವರೂ ಒದ್ದೆಯಾಗಬೇಕು.

ಚಿನ್ನಿ ನಮ್ಮ ಜಯನಗರದ ಬೀದಿಯಲ್ಲೇ ಹುಟ್ಟಿದ ಕಂದು ಬಣ್ಣದ ನಾಯಿ. 2020ರ ಲಾಕ್‌ಡೌನ್ ಸಮಯದಲ್ಲಿ, ನಿಂತಿದ್ದ ಕಾರಿನ ಕೆಳಗೆ ಕುಂಯ್‌ಗುಡುತ್ತಿದ್ದ ಮರಿಯನ್ನು ನನ್ನ ಮಗ ಎತ್ತಿ ತಂದ. "ಎರಡು ದಿನ ಇರಲಿ, ಆಮೇಲೆ ಯಾರಿಗಾದರೂ ಕೊಡೋಣ" ಎಂದಿದ್ದೆವು. ಆ ಎರಡು ದಿನ ಇನ್ನೂ ಮುಗಿದಿಲ್ಲ.

ಕಳೆದ ಆಷಾಢದ ಒಂದು ಭಾನುವಾರ ಸೋಪು ಹಚ್ಚುತ್ತಿದ್ದ ಪುಟ್ಟಿ ಕೈ ನಿಲ್ಲಿಸಿದಳು. "ತಾತ, ಇಲ್ಲಿ ಏನೋ ಇದೆ. ಬಟಾಣಿ ಕಾಳಿನ ತರಹ."

ಚಿನ್ನಿಯ ಹೊಟ್ಟೆಯ ಕೆಳಗೆ, ಹಿಂಗಾಲಿನ ಹತ್ತಿರದ ಮೊಲೆಯ ಪಕ್ಕದಲ್ಲಿ, ಚರ್ಮದ ಒಳಗೆ ಒಂದು ಗಟ್ಟಿ ಕಾಳು. ಒತ್ತಿದರೆ ಅವಳಿಗೆ ನೋವಿಲ್ಲ, ಬಾಲ ಆಡಿಸುತ್ತಲೇ ಇದ್ದಳು. ನನಗೆ ಮಾತ್ರ ಎದೆ ಧಸಕ್ಕೆಂದಿತು. ಯಾಕೆಂದರೆ ಅಂಥದೇ ಕಾಳನ್ನು ನನ್ನ ಬೆರಳು ಹಿಂದೆ ಒಂದು ಸಲ ಮುಟ್ಟಿತ್ತು.

ಆ ಕಥೆಯನ್ನು ಮೊದಲು ಹೇಳುತ್ತೇನೆ. ಅದರಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ, ಆದರೂ ಹೇಳಬೇಕು.

1996ನೇ ಇಸವಿ. ಆಗ ನಮ್ಮ ಮನೆಯಲ್ಲಿ ಜೂಲಿ ಇದ್ದಳು. ಬಿಳಿ ಪೊಮೆರೇನಿಯನ್. ಆ ಕಾಲದಲ್ಲಿ ಜಯನಗರದ ಎರಡು ಮನೆಗೊಂದು ಪೊಮೆರೇನಿಯನ್ ಎಂಬಂತಿತ್ತು. ಫೆಬ್ರವರಿಯಲ್ಲಿ ಜೂಲಿಯ ಹೊಟ್ಟೆಯ ಕೆಳಗೆ ಬಟಾಣಿಯಷ್ಟು ಗಂಟು ಸಿಕ್ಕಿತು. ನನಗೆ ಬ್ಯಾಂಕಿನಲ್ಲಿ ಮಾರ್ಚ್ ಕ್ಲೋಸಿಂಗ್. ರಾತ್ರಿ ಹತ್ತರವರೆಗೆ ಲೆಡ್ಜರ್ ಮುಂದೆ ಕೂತು, ಒಂದು ರೂಪಾಯಿ ವ್ಯತ್ಯಾಸ ಬಂದರೆ ಅದನ್ನು ಹುಡುಕುವವರೆಗೆ ಏಳದ ಮನುಷ್ಯ ನಾನು. ಆ ಗಂಟನ್ನು ಮಾತ್ರ "ಆಮೇಲೆ ನೋಡೋಣ" ಎಂದೆ. ಬೆಳಗಿನ ವಾಕಿಂಗ್‌ನಲ್ಲಿ ಸಿಗುತ್ತಿದ್ದ ಸ್ನೇಹಿತರೊಬ್ಬರು "ಕೊಬ್ಬಿನ ಗಂಟು ಕಣ್ರೀ, ನಮ್ಮ ನಾಯಿಗೂ ಇದೆ" ಎಂದರು. ಆ ಮಾತು ನನಗೆ ಬೇಕಾಗಿತ್ತು, ಹಿಡಿದುಕೊಂಡೆ. ಯುಗಾದಿ ಬಂತು, ಹೋಯಿತು. ತಮ್ಮನ ಮಗನ ಉಪನಯನ ಆಯಿತು. ಸೆಪ್ಟೆಂಬರಿನ ಅರ್ಧವಾರ್ಷಿಕ ಕ್ಲೋಸಿಂಗ್ ಆಯಿತು. ದೀಪಾವಳಿ ಹೊತ್ತಿಗೆ ಗಂಟು ನಿಂಬೆಹಣ್ಣಿನಷ್ಟಾಗಿ ಒಡೆದಿತ್ತು. ಜೂಲಿ ಕೆಮ್ಮುತ್ತಿದ್ದಳು. ಆಗ ವೈದ್ಯರ ಹತ್ತಿರ ಹೋದೆವು. ಎಕ್ಸ್-ರೇ ನೋಡಿದರೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮೂರು ವಾರ ಇದ್ದಳು, ಅಷ್ಟೇ.

ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಅವನು ಶಾಲೆಗೆ ಹೋಗಿದ್ದಾಗ ಜೂಲಿಯನ್ನು ಮಣ್ಣು ಮಾಡಿ ಬಂದೆ. ಸಂಜೆ ಅವನು ಕೇಳಿದಾಗ, "ಕನಕಪುರದ ಕಡೆ ಒಂದು ತೋಟಕ್ಕೆ ಕಳಿಸಿದ್ದೇವೆ, ಅಲ್ಲಿ ಗಾಳಿ ಚೆನ್ನಾಗಿದೆ, ಹುಷಾರಾಗ್ತಾಳೆ" ಎಂದೆ. ಅವನು ನಂಬಿದ. ಎಷ್ಟು ಭಾನುವಾರ ತೋಟಕ್ಕೆ ಹೋಗೋಣ ಎಂದು ಕೇಳಿದನೋ, ಅಷ್ಟು ಭಾನುವಾರವೂ ನಾನು ಒಂದೊಂದು ನೆಪ ಹೇಳಿದೆ. ಅವನು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಪಕ್ಕದ ಮನೆಯವರ ಬಾಯಿಂದ ನಿಜ ತಿಳಿಯಿತು. ಜಗಳ ಆಡಲಿಲ್ಲ. ಒಂದೇ ಮಾತು ಹೇಳಿದ: "ನಾನು ಅವಳಿಗೆ ಒಂದು ಸಲ ಟಾಟಾ ಹೇಳಬೇಕಿತ್ತಪ್ಪ."

ಹೀಗೆ ಜೂಲಿಯ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದೆ. ತಡ ಮಾಡಿದೆ, ಸುಳ್ಳು ಹೇಳಿದೆ.

ಈಗ ಕ್ಯಾನ್ಸರ್ ಎಂದರೆ ಏನು ಎಂದು ನೋಡೋಣ ಮಕ್ಕಳೇ. ಹೆಸರು ಕೇಳಿ ಹೆದರಬೇಡಿ.

ನಿಮ್ಮ ಮೈಯಾಗಲಿ ನಾಯಿಯ ಮೈಯಾಗಲಿ, ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಒಂದು ಜೀವಕೋಶ ಹಳೆಯದಾದರೆ ಸಾಯುತ್ತದೆ, ಅದರ ಜಾಗಕ್ಕೆ ಇನ್ನೊಂದು ಒಡೆದು ಎರಡಾಗಿ ಬರುತ್ತದೆ. ಎಷ್ಟು ಬೇಕೋ ಅಷ್ಟೇ. ಮೊಣಕಾಲು ತರಚಿದ ಗಾಯ ಮಾಯುವುದು ಹೀಗೆ, ಮಾಯ್ದ ಮೇಲೆ ಚರ್ಮ ಬೆಳೆಯುವುದು ನಿಲ್ಲುವುದೂ ಹೀಗೆ. ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯಲು ಮ್ಯಾನೇಜರ್ ಸಹಿ ಬೇಕಲ್ಲ, ಹಾಗೆ ದೇಹದಲ್ಲೂ ಒಂದು ಅಪ್ಪಣೆ ಬೇಕು. ಯಾವುದೋ ಒಂದು ಜೀವಕೋಶದ ಒಳಗಿನ ಬರಹ ಕೆಟ್ಟು, ಅದು ಅಪ್ಪಣೆ ಕೇಳದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಾ ಹೋದರೆ ಗಡ್ಡೆಯಾಗುತ್ತದೆ. ಕೆಲವು ಗಡ್ಡೆಗಳು ಇದ್ದಲ್ಲೇ ಇರುತ್ತವೆ. ಅವು ಸಾಧು ಗಡ್ಡೆಗಳು. ಕೆಲವು ರಕ್ತದ ದಾರಿಯಲ್ಲಿ ಬೇರೆ ಕಡೆ ಹೋಗಿ ಅಲ್ಲಿ ತಮ್ಮ ಶಾಖೆ ತೆರೆಯುತ್ತವೆ. ಅದು ಕ್ಯಾನ್ಸರ್. ಜೂಲಿಯ ಶ್ವಾಸಕೋಶದಲ್ಲಿ ಆದದ್ದು ಇದೇ. ಶಾಖೆ ತೆರೆಯುವ ಮೊದಲೇ ಹಿಡಿದರೆ ನಮ್ಮ ಕಡೆ ಗೆಲುವಿನ ಸಾಧ್ಯತೆ ಹೆಚ್ಚು. ತಡವಾದಷ್ಟೂ ಕಡಿಮೆ.

ನಮ್ಮ ಜಯನಗರದವರಿಗೆ ಕ್ಯಾನ್ಸರ್ ಎಂದರೆ ಕಣ್ಣ ಮುಂದೆ ಬರುವುದು ಡೇರಿ ವೃತ್ತದ ಹತ್ತಿರದ ಕಿದ್ವಾಯಿ ಆಸ್ಪತ್ರೆ. 1973ರಿಂದ ಎಷ್ಟೋ ಊರುಗಳ ಜನ ಅಲ್ಲಿಗೆ ಬರುತ್ತಿದ್ದಾರೆ. ಅದೇ ಕಾಯಿಲೆ ನಮ್ಮ ಗೇಟಿನ ಒಳಗೆ ಮಲಗಿರುವ ನಾಯಿಗೂ ಬರುತ್ತದೆ ಎಂದು ನಮಗೆ ಹೊಳೆಯುವುದಿಲ್ಲ. ವಯಸ್ಸಾದ ನಾಯಿಗಳಲ್ಲಿ ಇದು ಅಪರೂಪವೇನಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದ ಹೆಣ್ಣು ನಾಯಿಗಳಲ್ಲಿ ಮೊಲೆಯ ಗಡ್ಡೆ ಬಹಳ ಸಾಮಾನ್ಯ. ಅಂಥ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಮೊದಲ ಸಲ ಬೆದೆಗೆ ಬರುವ ಮುಂಚೆಯೇ ಆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಪಾಯ ತುಂಬಾ ಕಡಿಮೆಯಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ದೊಡ್ಡ ತಳಿಗಳಿಗೆ ಯಾವ ವಯಸ್ಸು ಸರಿ ಎಂಬುದನ್ನು ಅವರನ್ನೇ ಕೇಳಬೇಕು. ಚಿನ್ನಿಗೆ ನಾವು ಮೂರು ವರ್ಷ ತಡವಾಗಿ ಮಾಡಿಸಿದ್ದೆವು.

ಮತ್ತೆ ಆ ಭಾನುವಾರಕ್ಕೆ ಬರೋಣ. ಟವೆಲಿನಲ್ಲಿ ಚಿನ್ನಿಯ ಮೈ ಒರೆಸುತ್ತಾ ನಾನು ಏನು ಹೇಳಿದೆ ಗೊತ್ತೇ? "ಆಷಾಢ ಕಳೀಲಿ, ಆಮೇಲೆ ತೋರಿಸೋಣ." ಇಷ್ಟು ವರ್ಷವಾದರೂ ನಾಲಿಗೆಗೆ ಬುದ್ಧಿ ಬಂದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ಗಂಟಿಗೆ ಪಂಚಾಂಗ ಗೊತ್ತೇನ್ರೀ? ನಾಳೆನೇ ಹೊರಡಿ" ಎಂದಳು. ಮರುದಿನ ಬೆಳಗ್ಗೆಯೇ ಹೊರಟೆವು.

ನಮ್ಮ ಬಡಾವಣೆಯ ಪಶುವೈದ್ಯೆ ಚಿಕ್ಕ ವಯಸ್ಸಿನವರು. ಚಿನ್ನಿಯ ಮೊಲೆಗಳ ಎರಡೂ ಸಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಸ್ಕೇಲಿನಂಥ ಸಾಧನದಿಂದ ಗಂಟನ್ನು ಅಳೆದು ಬರೆದುಕೊಂಡರು. "ಇದು ಕೊಬ್ಬಿನ ಗಂಟಾಗಿರಬಹುದಲ್ವಾ ಡಾಕ್ಟ್ರೇ?" ಎಂದು ಕೇಳಿದೆ. "ಆಗಿರಬಹುದು ಸರ್. ವಯಸ್ಸಾದ ನಾಯಿಗಳಿಗೆ ಮೆತ್ತನೆ ಕೊಬ್ಬಿನ ಗಂಟು ಬರುತ್ತೆ, ಅದರಿಂದ ತೊಂದರೆ ಇಲ್ಲ. ಆದರೆ ಬರೀ ಕೈಯಲ್ಲಿ ಮುಟ್ಟಿ ಇದು ಅದೇ ಅಂತ ನಾನೂ ಹೇಳಲ್ಲ, ನೀವೂ ಹೇಳಬಾರದು" ಎಂದರು. 1996ರಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಿದ್ದರೆ ಎನಿಸಿತು.

ಸಣ್ಣ ಸೂಜಿಯಿಂದ ಗಂಟಿನೊಳಗಿನ ಚೂರು ದ್ರವ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿದರು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊಲೆಯ ಗಡ್ಡೆಗಳಲ್ಲಿ ಸೂಜಿ ಪರೀಕ್ಷೆಯಿಂದ ಸುಳಿವು ಸಿಗಬಹುದು. ಪೂರ್ತಿ ಉತ್ತರ ಸಿಗುವುದು ಗಡ್ಡೆಯನ್ನೇ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದಾಗ. ಆಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್-ರೇ. ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ವೈದ್ಯೆ "ಶ್ವಾಸಕೋಶದಲ್ಲಿ ಏನೂ ಕಾಣಿಸ್ತಿಲ್ಲ" ಎಂದಾಗ ನಾನು ಕುರ್ಚಿಯಲ್ಲಿ ಕೂತೆ. ಅಲ್ಲಿಯವರೆಗೆ ನಿಂತೇ ಇದ್ದೆ ಎನ್ನುವುದು ಆಗ ತಿಳಿಯಿತು.

ಆ ವಾರವೇ ಶಸ್ತ್ರಚಿಕಿತ್ಸೆ ಆಯಿತು. ಗಂಟಿನ ಜೊತೆ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದರು. ಹತ್ತು ದಿನದ ಮೇಲೆ ವರದಿ ಬಂತು. ಅದರಲ್ಲಿ ಆ ಪದ ಇತ್ತು, ಕ್ಯಾನ್ಸರ್. ಅದರ ಕೆಳಗೆ ಇನ್ನೊಂದು ಸಾಲು: ತೆಗೆದ ಭಾಗದ ಅಂಚಿನಲ್ಲಿ ಕೆಟ್ಟ ಜೀವಕೋಶ ಇಲ್ಲ. ಅಂದರೆ ಕಳೆಯನ್ನು ಬೇರಿನ ಸುತ್ತಲಿನ ಮಣ್ಣಿನ ಸಮೇತ ಕಿತ್ತ ಹಾಗೆ.

ಸಂಜೆ ಪುಟ್ಟಿ ಶಾಲೆಯಿಂದ ಬಂದು ಬ್ಯಾಗ್ ಇಳಿಸುವ ಮೊದಲೇ ಕೇಳಿದಳು: "ವರದಿ ಬಂತಾ ತಾತ?" ನಾನು ಒಂದು ಕ್ಷಣ ಸುಮ್ಮನಾದೆ. ಅವಳು ನನ್ನ ಮುಖ ನೋಡಿ, "ಚಿನ್ನೀನೂ ತೋಟಕ್ಕೆ ಕಳಿಸ್ತೀರಾ?" ಎಂದಳು. ಅವಳ ಅಪ್ಪ ಆ ಕಥೆ ಹೇಳಿದ್ದಾನೆ!

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕ್ಯಾನ್ಸರ್ ಇತ್ತು ಎಂದೆ. ತೆಗೆದಿದ್ದಾರೆ ಎಂದೆ. ಮತ್ತೆ ಬರಬಹುದು, ಬರದೆಯೂ ಇರಬಹುದು, ಮೂರು ತಿಂಗಳಿಗೊಮ್ಮೆ ತೋರಿಸಬೇಕು ಎಂದೆ. ಅವಳು ಸ್ವಲ್ಪ ಅತ್ತಳು. ಆಮೇಲೆ ಕೇಳಿದ್ದು ಪೂರಾ ಕೆಲಸದ ಪ್ರಶ್ನೆಗಳನ್ನೇ. "ನಮಗೆ ಅಂಟುತ್ತಾ?" ಇಲ್ಲ. ನಾಯಿಯ ಕ್ಯಾನ್ಸರ್ ಮನುಷ್ಯರಿಗೆ ಅಂಟುವುದಿಲ್ಲ. ಮುದ್ದಾಡಬಹುದು, ತಟ್ಟೆ ತೊಳೆಯಬಹುದು. "ಅವಳು ತಪ್ಪು ಮಾಡಿದ್ದಕ್ಕೆ ಬಂತಾ? ನಾನು ಬಿಸ್ಕತ್ತು ಕೊಟ್ಟಿದ್ದಕ್ಕಾ?" ಅಲ್ಲ. ಯಾರ ತಪ್ಪೂ ಅಲ್ಲ. ಮಕ್ಕಳು ಇಂಥ ಅಪರಾಧವನ್ನು ಮನಸ್ಸಿನೊಳಗೆ ಇಟ್ಟುಕೊಂಡು ಕೊರಗುತ್ತಾರೆ. ಸುಳ್ಳು ಹೇಳಿದರೆ ಅದು ಹೊರಗೆ ಬರುವುದೇ ಇಲ್ಲ.

"ನಾಯಿಯಿಂದ ನಾಯಿಗಾದರೂ ಅಂಟುತ್ತಾ?" ಎಂದೂ ಕೇಳಿದಳು. ಇದಕ್ಕೆ ಉತ್ತರ ಹೇಳಲು ಕರಿಯನ ಕಥೆ ಬೇಕು.

ಸಾಮಾನ್ಯವಾಗಿ ಕ್ಯಾನ್ಸರ್ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಆದರೆ ನಾಯಿಗಳಲ್ಲಿ ಒಂದು ವಿಚಿತ್ರ ಗಡ್ಡೆ ಇದೆ. ವೈದ್ಯರು ಅದನ್ನು ಟಿವಿಟಿ ಎನ್ನುತ್ತಾರೆ. ನಾಯಿಗಳು ಕೂಡುವಾಗ, ಒಂದನ್ನೊಂದು ನೆಕ್ಕುವಾಗ, ಮೂಸುವಾಗ ಆ ಗಡ್ಡೆಯ ಜೀವಂತ ಕೋಶಗಳೇ ಉದುರಿ ಇನ್ನೊಂದು ನಾಯಿಯ ಮೈಗೆ ಅಂಟಿ ಬೆಳೆಯುತ್ತವೆ. 1876ರಲ್ಲಿ ನೊವಿನ್‌ಸ್ಕಿ ಎಂಬ ರಷ್ಯದ ಪಶುವೈದ್ಯರು ಒಂದು ನಾಯಿಯ ಗಡ್ಡೆಯ ಚೂರನ್ನು ಇನ್ನೊಂದು ನಾಯಿಗೆ ಹಚ್ಚಿ ಅದು ಬೆಳೆಯುವುದನ್ನು ತೋರಿಸಿಕೊಟ್ಟರು. ಈಗಿನ ವಿಜ್ಞಾನಿಗಳು ಇನ್ನೂ ಆಶ್ಚರ್ಯದ ಸಂಗತಿ ಹೇಳುತ್ತಾರೆ. ಜಗತ್ತಿನ ಎಲ್ಲ ನಾಯಿಗಳಲ್ಲಿರುವ ಈ ಗಡ್ಡೆ ಹುಟ್ಟಿದ್ದು ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದೇ ಒಂದು ನಾಯಿಯಲ್ಲಂತೆ. ಆ ನಾಯಿ ಯಾವಾಗಲೋ ಸತ್ತುಹೋಯಿತು. ಅದರ ಗಡ್ಡೆಯ ಜೀವಕೋಶಗಳು ಮಾತ್ರ ನಾಯಿಯಿಂದ ನಾಯಿಗೆ ದಾಟುತ್ತಾ ಇಂದಿಗೂ ಬದುಕಿವೆ. ನಮ್ಮ ದೇಶದ ಬೀದಿನಾಯಿಗಳಲ್ಲಿ ಇದು ಸಾಕಷ್ಟು ಕಾಣುತ್ತದೆ.

ನಮ್ಮ ಬೀದಿಯ ತರಕಾರಿ ಗಾಡಿಯ ಕೆಳಗೆ ಮಲಗುವ ಕರಿಯನಿಗೆ ಎರಡು ವರ್ಷದ ಹಿಂದೆ ಈ ಗಡ್ಡೆ ಆಗಿತ್ತು. ಹೂಕೋಸಿನಂತೆ ಉಬ್ಬಿ, ರಕ್ತ ತೊಟ್ಟಿಕ್ಕುತ್ತಿತ್ತು. "ಇದರ ಕಥೆ ಮುಗೀತು" ಎಂದು ಎಲ್ಲರೂ ದೂರ ಸರಿದರು. ಆದರೆ ಬೀದಿಯ ಕೆಲವು ಹುಡುಗರು ಹಣ ಸೇರಿಸಿ ವೈದ್ಯರಿಗೆ ತೋರಿಸಿದರು. ವಾರಕ್ಕೊಂದು ಇಂಜೆಕ್ಷನ್, ಪ್ರತಿ ಸಲವೂ ಮೊದಲು ರಕ್ತ ಪರೀಕ್ಷೆ. ಐದು ವಾರದಲ್ಲಿ ಗಡ್ಡೆ ಕರಗಿಹೋಯಿತು! ಕ್ಯಾನ್ಸರ್‌ಗಳಲ್ಲೆಲ್ಲ ಚೆನ್ನಾಗಿ ಮಾತು ಕೇಳುವ ಕ್ಯಾನ್ಸರ್ ಇದು. ಈ ಮದ್ದಿಗೆ ಹೆಚ್ಚಿನ ನಾಯಿಗಳು ಪೂರಾ ಗುಣವಾಗುತ್ತವೆ. ಕರಿಯ ಇವತ್ತಿಗೂ ಸ್ಕೂಟರುಗಳ ಹಿಂದೆ ಓಡುತ್ತಾನೆ.

ಆ ಇಂಜೆಕ್ಷನ್ನಿನ ಹೆಸರು ವಿನ್‌ಕ್ರಿಸ್ಟಿನ್. ಅದು ಎಲ್ಲಿಂದ ಬಂತು ಗೊತ್ತೇ? ನಿಮ್ಮ ಮನೆಯ ಕಾಂಪೌಂಡಿನಲ್ಲೇ ಇರಬಹುದಾದ ಒಂದು ಗಿಡದಿಂದ. ನಿತ್ಯಪುಷ್ಪ, ಸದಾಪುಷ್ಪ, ಕಾಶಿ ಕಣಗಿಲೆ ಎಂದೆಲ್ಲ ಕರೆಯುತ್ತೇವಲ್ಲ, ಐದು ಎಸಳಿನ ಬಿಳಿ ಅಥವಾ ನಸುಗೆಂಪು ಹೂವು. ನನ್ನ ಹೆಂಡತಿ ದಿನಾ ದೇವರಿಗೆ ಕೀಳುವ ಹೂವು ಅದೇ. ಗಿಡದ ಮೂಲ ಮಡಗಾಸ್ಕರ್ ದ್ವೀಪ. ಹಲವು ದೇಶಗಳಲ್ಲಿ ಜನ ಇದರ ಎಲೆಯನ್ನು ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದರು. ಅದು ನಿಜವೇ ಎಂದು ನೋಡಲು ಹೊರಟ ಕೆನಡಾದ ನೋಬಲ್ ಮತ್ತು ಬಿಯರ್ ಎಂಬ ಇಬ್ಬರು ವಿಜ್ಞಾನಿಗಳಿಗೆ ಸಕ್ಕರೆಯ ಮದ್ದು ಸಿಗಲಿಲ್ಲ. ಬಿಳಿ ರಕ್ತಕಣಗಳನ್ನು ಕಡಿಮೆ ಮಾಡುವ ಬೇರೊಂದು ವಸ್ತು ಸಿಕ್ಕಿತು. ಅದರಿಂದ 1958ರಲ್ಲಿ ಒಂದು ಕ್ಯಾನ್ಸರ್ ಔಷಧ ಬಂತು. ಸ್ವಲ್ಪ ವರ್ಷಗಳಲ್ಲಿ ಅಮೆರಿಕದ ವಿಜ್ಞಾನಿಗಳು ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ತೆಗೆದರು. ಒಂದೇ ಒಂದು ಗ್ರಾಂ ಮದ್ದಿಗೆ ನೂರಾರು ಕಿಲೋ ಒಣಗಿದ ಎಲೆ ಬೇಕು. ರಕ್ತದ ಕ್ಯಾನ್ಸರ್ ಆದ ಪುಟ್ಟ ಮಕ್ಕಳಿಗೂ ಇದೇ ಮದ್ದು ಕೊಡುತ್ತಾರೆ. ಬೀದಿಯ ಕರಿಯನಿಗೂ ಆಸ್ಪತ್ರೆಯ ಮಗುವಿಗೂ ಒಂದೇ ಗಿಡ ಆಸರೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ಯಾರೂ ಎಲೆ ಕಿತ್ತು ಕಷಾಯ ಮಾಡಬೇಡಿ, ನಾಯಿಗೂ ತಿನ್ನಿಸಬೇಡಿ. ಹಸಿ ಎಲೆ ವಿಷ. ಮದ್ದನ್ನು ಅಳೆದು ಕೊಡುವುದು ವೈದ್ಯರ ಕೆಲಸ. ನನ್ನ ವಯಸ್ಸಿನವರಲ್ಲಿ ಸಕ್ಕರೆ ಕಾಯಿಲೆಗೆಂದು ಈ ಎಲೆ ಜಗಿಯುವವರಿದ್ದಾರೆ, ಅವರಿಗೂ ಇದೇ ಮಾತು. ಹಾಗೆಯೇ, ನಾಯಿಗೆ ನೋವಿದೆ ಎಂದು ನಮ್ಮ ಡಬ್ಬಿಯ ನೋವಿನ ಮಾತ್ರೆ ಕೊಡಬಾರದು. ನಮಗೆ ಆಗುವ ಮಾತ್ರೆ ನಾಯಿಯ ಯಕೃತ್ತನ್ನೋ ಮೂತ್ರಪಿಂಡವನ್ನೋ ಕೆಡಿಸಬಹುದು.

ಕೀಮೋ ಎಂದರೆ ನಾಯಿಯನ್ನು ಹಿಂಸಿಸಿದಂತೆ ಎಂದು ಕೆಲವರು ಹೇಳುತ್ತಾರೆ. ನಾಯಿಗಳಿಗೆ ಕೊಡುವ ಪ್ರಮಾಣ ಮನುಷ್ಯರಿಗೆ ಕೊಡುವುದಕ್ಕಿಂತ ಮೃದು. ಹೆಚ್ಚಿನ ತಳಿಗಳಿಗೆ ಕೂದಲು ಅಷ್ಟಾಗಿ ಉದುರುವುದಿಲ್ಲ. ಒಂದೆರಡು ದಿನ ಊಟ ಬಿಡಬಹುದು, ವಾಂತಿ ಆಗಬಹುದು. ಇಂಜೆಕ್ಷನ್ ಆದ ಕೆಲವು ದಿನ ಅದರ ಮಲಮೂತ್ರವನ್ನು ದೊಡ್ಡವರೇ ಕೈಗವಸು ಹಾಕಿ ಸ್ವಚ್ಛ ಮಾಡಬೇಕು, ಮಕ್ಕಳು ಮುಟ್ಟಬಾರದು. ಉದ್ದೇಶ ಇಷ್ಟೇ, ನಾಯಿ ಇರುವಷ್ಟು ದಿನ ನೆಮ್ಮದಿಯಾಗಿರಬೇಕು.

ಖರ್ಚಿನ ಮಾತನ್ನೂ ಮುಚ್ಚಿಡುವುದಿಲ್ಲ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಹಗುರವಲ್ಲ. ಖಾಸಗಿ ಚಿಕಿತ್ಸೆ ಆಗದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆ ಕಾಲೇಜು 1958ರಿಂದ ಇದೆ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಕಾಯಿಲೆ ತುಂಬಾ ಮುಂದುವರಿದಿದ್ದರೆ, ಶಸ್ತ್ರಚಿಕಿತ್ಸೆ ಬೇಡ, ನೋವು ಕಡಿಮೆ ಮಾಡಿ ಎಂದು ಕೇಳುವುದೂ ಪ್ರೀತಿಯೇ. ಎಲ್ಲವನ್ನೂ ಮಾಡಿಸಲಾಗದವರು ಕೆಟ್ಟವರಲ್ಲ. ಬೇಗ ತೋರಿಸಿದರೆ ಮಾತ್ರ ಖರ್ಚೂ ಕಡಿಮೆ, ನೋವೂ ಕಡಿಮೆ. ಬಟಾಣಿಯಷ್ಟಿದ್ದಾಗ ತೆಗೆಯುವ ಗಂಟು ನಿಂಬೆಹಣ್ಣಾದ ಮೇಲೆ ತೆಗೆಯುವ ಗಂಟಿನಂತಲ್ಲ.

ಈಗ ಮನೆಗೆಲಸ. ನನಗೆ ಪಿಂಚಣಿ ಬಂತೇ ಎಂದು ಪಾಸ್‌ಬುಕ್ ನೋಡುವ ದಿನವೇ ಪುಟ್ಟಿ ಚಿನ್ನಿಯ ಪಾಸ್‌ಬುಕ್ ಬರೆಯುತ್ತಾಳೆ. ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ತೂಕ ಬರೆದು, ಮೂಗಿನಿಂದ ಬಾಲದವರೆಗೆ ಮುಟ್ಟಿ ನೋಡುತ್ತಾಳೆ. ತುಟಿ ಎತ್ತಿ ಒಸಡು ನೋಡಿ, ದವಡೆಯ ಕೆಳಗೆ, ಭುಜದ ಮುಂದೆ, ಮೊಣಕಾಲಿನ ಹಿಂದೆ ಬೆರಳಾಡಿಸಿ. ಹೆಣ್ಣು ನಾಯಿಯಾದರೆ ಮೊಲೆಗಳ ಎರಡೂ ಸಾಲು, ಗಂಡಾದರೆ ಬೀಜಗಳು, ಆಮೇಲೆ ಬಾಲದ ಕೆಳಗೆ. ಬಾಯಿ ಹತ್ತಿರ ಕೈ ಹಾಕುವಾಗ ದೊಡ್ಡವರು ಜೊತೆಗಿರಲಿ. ಗಂಟು ಸಿಕ್ಕರೆ ಸಾಸಿವೆಯಷ್ಟೋ, ಬಟಾಣಿಯಷ್ಟೋ, ಹುಣಸೆ ಬೀಜದಷ್ಟೋ ಬರೆದುಕೊಳ್ಳಿ. ಹೋದ ತಿಂಗಳಿಗಿಂತ ದೊಡ್ಡದಾದರೆ ಆ ವಾರವೇ ವೈದ್ಯರ ಹತ್ತಿರ ಹೋಗಿ. ಇವನ್ನೂ ನೋಡಿ: ಮಾಯದ ಹುಣ್ಣು, ಕಾರಣವಿಲ್ಲದೆ ಇಳಿಯುವ ತೂಕ, ಬಿಡದ ಕೆಮ್ಮು, ವಾಸಿಯಾಗದ ಕುಂಟು, ಬಾಯಿಯ ಕೆಟ್ಟ ವಾಸನೆ, ಎಲ್ಲಿಂದಲಾದರೂ ರಕ್ತ, ಊಟದ ತಟ್ಟೆಯ ಮುಂದೆ ಸುಮ್ಮನೆ ನಿಲ್ಲುವುದು. ಇವೆಲ್ಲ ಕ್ಯಾನ್ಸರ್ ಎಂದಲ್ಲ. ಎಷ್ಟೋ ಸಲ ಹಲ್ಲಿನ ತೊಂದರೆಯೋ ಹುಳವೋ ಆಗಿರುತ್ತದೆ. ಏನೆಂದು ಹೇಳುವುದು ಮಾತ್ರ ವೈದ್ಯರ ಕೆಲಸ, ವಾಕಿಂಗ್ ಸ್ನೇಹಿತರದಲ್ಲ.

ತಾತ-ಅಜ್ಜಿಯರೇ, ನಮ್ಮ ಬೆರಳುಗಳಿಗೆ ಈಗ ಸೂಕ್ಷ್ಮ ಕಡಿಮೆ. ಸಾಸಿವೆ ಕಾಳಿನಷ್ಟು ಗಂಟು ನಮಗೆ ಸಿಗದೇ ಹೋಗಬಹುದು, ಹತ್ತು ವರ್ಷದ ಬೆರಳಿಗೆ ಸಿಗುತ್ತದೆ. ಆ ಕೆಲಸವನ್ನು ಮೊಮ್ಮಕ್ಕಳಿಗೆ ಕೊಡಿ. ಅವರು ತಂದ ಸುದ್ದಿಯನ್ನು "ಸುಮ್ಮನಿರು ಮಗು" ಎಂದು ತಳ್ಳಬೇಡಿ. ಮುಂದೆ ಕೆಟ್ಟ ಸುದ್ದಿ ಬಂದರೆ ಅದನ್ನು ಅವರಿಂದ ಮುಚ್ಚಲೂ ಬೇಡಿ.

ಚಿನ್ನಿಗೆ ಮೊದಲ ಮೂರು ತಿಂಗಳ ತಪಾಸಣೆ ಆಯಿತು. ಎಕ್ಸ್-ರೇ ಸ್ವಚ್ಛವಾಗಿದೆ. ಮುಂದಿನದು ಸಂಕ್ರಾಂತಿಯ ನಂತರ. ಆಗ ಏನು ಬರುತ್ತದೋ ನನಗೆ ಗೊತ್ತಿಲ್ಲ. ಬಂದದ್ದನ್ನು ಪುಟ್ಟಿಗೆ ಬಂದ ಹಾಗೆಯೇ ಹೇಳುತ್ತೇನೆ.

ಹೋದ ವಾರ ಮಗ ಆಫೀಸಿನಿಂದ ಬಂದು ಆ ನೋಟ್‌ಬುಕ್ ತಿರುವಿ ಹಾಕುತ್ತಿದ್ದ. ಕೊನೆಯ ಹಾಳೆಯಲ್ಲಿ ಪುಟ್ಟಿ ಜೂಲಿಯ ಹೆಸರು ಬರೆದು, ಬಿಳಿ ಪೊಮೆರೇನಿಯನ್ನಿನ ಚಿತ್ರ ಬಿಡಿಸಿದ್ದಳು. ಅವಳು ಜೂಲಿಯನ್ನು ನೋಡಿಯೇ ಇಲ್ಲ, ಅಪ್ಪನನ್ನು ಕೇಳಿ ಕೇಳಿ ಬರೆದ ಚಿತ್ರ. ಮಗ ಪೆನ್ನು ತೆಗೆದುಕೊಂಡು ಅದರ ಕೆಳಗೆ ಏನೋ ಬರೆದ. ಅವನು ಎದ್ದುಹೋದ ಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ.

"ಟಾಟಾ" ಎಂದಿತ್ತು.